ಮ್ಯಾಂಗನೀಸ್ ಮಣ್ಣಿನ ಶೈಲಜಾ

ನಮ್ಮ ಗಂಡಸರು ಗ್ಯಾರೇಜಿನಲ್ಲಿ ಕುಡಿಯುತ್ತಾರೆ. ಇದೇನು ಗುಟ್ಟಲ್ಲ. ನಾರ್ತ್ ಕ್ಯಾರೊಲಿನಾದ ಮಾರಿಸ್‌ವಿಲ್‌ನ ಯಾವ ಕನ್ನಡದವರ ಪಾರ್ಟಿಗೆ ಹೋದರೂ ಹಾಲ್‌ನಲ್ಲಿ ಮಕ್ಕಳು, ಕಿಚನ್ನಿನಲ್ಲಿ ಹೆಂಗಸರು, ಕಾರು ಹೊರಗೆ ನಿಲ್ಲಿಸಿ ಖಾಲಿ ಮಾಡಿದ ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡ ಗಂಡಸರು. ಕೆಂಪು ಪ್ಲಾಸ್ಟಿಕ್ ಲೋಟದಲ್ಲಿರುವುದು ಕೋಕ್ ಅಂತ ಮಕ್ಕಳಿಗೆ ಹೇಳುತ್ತಾರೆ. ಮಕ್ಕಳಿಗೇನು ಮೂಗಿಲ್ಲವೇ?

ಇಂಥ ಊರಿನಲ್ಲಿ ಶೈಲಜಾ ಎಂಬ ಹೆಂಗಸು ಎಲ್ಲರಿಗೂ ಕಾಣುವಂತೆ ಒಂದು ಗ್ಲಾಸ್ ರೆಡ್ ವೈನ್ ಕುಡಿದರು.

ಶೈಲಜಾ ಸಂಡೂರಿನವರು. ಅಪ್ಪ ಮ್ಯಾಂಗನೀಸ್ ಗಣಿಯಲ್ಲಿ ಅದಿರು ತೂಗಿಸುತ್ತಿದ್ದರು. ಎಷ್ಟು ಉಜ್ಜಿದರೂ ಅವರ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಮಗಳು ಕೆಮಿಸ್ಟ್ರಿ ಓದಿ, ಈಗ ಇಲ್ಲಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದಾರೆ. ಗಂಡ ಸೂರ್ಯನಾರಾಯಣ ಮೈಸೂರಿನವರು, ಕಾಫಿ ಬಿಟ್ಟರೆ ಬೇರೇನೂ ಮುಟ್ಟದವರು. ಊರಿಗೆಲ್ಲ ಶೈಲಜಾ ಗೊತ್ತಿರುವುದು ಹೋಳಿಗೆಯಿಂದ. ಇಲ್ಲಿನ ಕನ್ನಡ ಸಂಘದ ಯುಗಾದಿಯಲ್ಲಿ ಹೂರಣ ರುಬ್ಬುವುದರಿಂದ ಹಿಡಿದು ಕೊನೆಯ ಹೋಳಿಗೆ ಕಾವಲಿಯಿಂದ ಇಳಿಯುವ ತನಕ ಅವರದೇ ದರ್ಬಾರು. ವರ್ಷವೆಲ್ಲ ಆ ದಿನಕ್ಕೆ ಕಾಯುತ್ತಾರೆ. "ಅವತ್ತೊಂದಿನ ಇದು ನನ್ನೂರು ಅನಿಸ್ತದ್ರೀ" ಅನ್ನುತ್ತಾರೆ.

ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ 2021ರಲ್ಲಿ ಅವರ ಆಫೀಸಿನವರು ಬೇಸರ ಕಳೆಯಲೆಂದು ಮನೆಮನೆಗೆ ಪುಟ್ಟ ವೈನ್ ಬಾಟಲಿಗಳನ್ನು ಕಳಿಸಿ, ಜೂಮ್‌ನಲ್ಲಿ ರುಚಿ ನೋಡುವ ಪಾಠ ಇಟ್ಟರು. ಶೈಲಜಾ ಕ್ಯಾಮೆರಾ ಆಫ್ ಮಾಡಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಾಠದವನು ಫ್ರಾನ್ಸಿನ ಬೋಜೊಲೆ ಸೀಮೆಗೆ ಬಂದ. ಅಲ್ಲೊಂದು ಗುಡ್ಡದ ಮೇಲೆ ಹಳೇ ಗಾಳಿಗಿರಣಿ. ಅದರದೇ ಹೆಸರು ಅಲ್ಲಿನ ವೈನಿಗೂ, ಮುಲಾಂ-ಆ-ವಾಂ. ದ್ರಾಕ್ಷಿ ಗಾಮೆ ಜಾತಿಯದು. ಆ ಸೀಮೆಯ ವೈನು ಹೆಚ್ಚಾಗಿ ಬೇಗ ಕುಡಿದು ಮುಗಿಸುವಂಥದು, ಇದು ಮಾತ್ರ ವರ್ಷಗಟ್ಟಲೆ ಬಾಳುತ್ತದೆ, ಮಣ್ಣಿನಲ್ಲಿರುವ ಮ್ಯಾಂಗನೀಸೇ ಕಾರಣ ಅಂತಾರೆ, ಅಂದ.

ಶೈಲಜಾ ಸೊಪ್ಪು ಕೆಳಗಿಟ್ಟು ಬಾಟಲಿ ತೆಗೆದರು.

"ಹೇಗಿದೆ?" ಸೂರ್ಯನಾರಾಯಣ ಕೇಳಿದರು.

"ನೇರಳೆಹಣ್ಣು ತಿಂದಂಗೆ ನಾಲಿಗೆ ಹಿಡೀತದ್ರೀ."

"ಹಾಗಾದ್ರೆ ನೇರಳೆಹಣ್ಣೇ ತಿನ್ನಬಹುದಲ್ಲ."

"ತಂದ್ಕೊಡ್ರಿ ನೋಡೋಣ, ಮಾರಿಸ್‌ವಿಲ್‌ನಾಗೆ."

ಕಳೆದ ವರ್ಷ ಅಂದರೆ 2024ರ ಶರತ್ಕಾಲದಲ್ಲಿ ಗಂಡ ಹೆಂಡತಿ ಅಲ್ಲಿಗೇ ಹೋದರು. ಅರಮನೆಯಂಥ ಎಸ್ಟೇಟೇನಲ್ಲ, ಗಿರಣಿಯ ಕೆಳಗಿನ ಇಳಿಜಾರಿನಲ್ಲಿ ಒಬ್ಬ ಮುದುಕಿ ನಡೆಸುವ ಸಣ್ಣ ತೋಟ. ಬಳ್ಳಿಗಳಿಗೆ ಚಪ್ಪರವಿಲ್ಲ, ಬದನೆ ಗಿಡದ ಹಾಗೆ ಮೊಣಕಾಲೆತ್ತರಕ್ಕೆ ಕುಳ್ಳಗೆ ನಿಂತಿವೆ. ತಿಳಿಗೆಂಪು ಕಲ್ಲಿನ ಮಣ್ಣು. ಹಿಂದೆ ಪಕ್ಕದ ಊರಿನಲ್ಲಿ ಮ್ಯಾಂಗನೀಸ್ ಗಣಿಯೂ ಇತ್ತು, ಈ ಮಣ್ಣಿನಲ್ಲಿ ಬಳ್ಳಿ ಮುನಿಸಿಕೊಂಡೇ ಬೆಳೆಯುತ್ತದೆ, ಹಣ್ಣು ಕಡಿಮೆ, ರಸ ಗಟ್ಟಿ, ಅಂದಳಂತೆ ಮುದುಕಿ. ಶೈಲಜಾ ಒಂದು ಕಪ್ಪು ಕಲ್ಲನ್ನು ಹೆಬ್ಬೆರಳಿಂದ ಉಜ್ಜಿದರು. ಬೆರಳು ಅಪ್ಪನ ಬೆರಳಾಯಿತು. ಕಣ್ಣಲ್ಲಿ ನೀರು, ಇನ್ನೊಂದು ಕೈಯಲ್ಲಿ ಗ್ಲಾಸು, ಮುಖದ ತುಂಬ ನಗು. ಸೂರ್ಯನಾರಾಯಣ ತೆಗೆದ ಆ ಫೋಟೋವನ್ನು ಮಗಳು ಶ್ರಾವಣಿ ಹೆಮ್ಮೆಯಿಂದ ಎಲ್ಲರಿಗೂ, ಸಂಘದ ಗ್ರೂಪಿಗೂ ಕಳಿಸಿದಳು.

ಈ ಸಲದ ಯುಗಾದಿ ಹತ್ತಿರ ಬಂದಾಗ ಸಂಘದ ಗ್ರೂಪಿನಲ್ಲಿ ಅಧ್ಯಕ್ಷ ಪ್ರತಾಪನ ಮೆಸೇಜು: ಹೋಳಿಗೆ ಈ ಬಾರಿ ಬೇರೆಯವರು ನೋಡಿಕೊಳ್ಳುತ್ತಾರೆ, ಶೈಲಜಾ ಆಂಟಿ ರೆಸ್ಟ್ ತಗೊಳ್ಳಲಿ, ನೈವೇದ್ಯದ ವಿಷಯ, ಅರ್ಥ ಮಾಡಿಕೊಳ್ಳಿ. ಕೊನೆಗೆ ಕೈಮುಗಿಯುವ ಚಿತ್ರ. ಊರಿನ ಅತಿ ದೊಡ್ಡ ಗ್ಯಾರೇಜ್ ಯಾರದು? ಇದೇ ಪ್ರತಾಪನದು. ವಿಸ್ಕಿಗೆಂದೇ ಅಲ್ಲೊಂದು ಫ್ರಿಜ್ ಇದೆ. ಆ ಮೆಸೇಜಿಗೆ ಹೆಬ್ಬೆಟ್ಟು ಒತ್ತಿದವರೆಲ್ಲ ಆ ಫ್ರಿಜ್ಜಿನ ಬಾಗಿಲು ಬಲ್ಲವರೇ. ನಾಚಿಕೆ ಎಂಬುದೊಂದಿದೆ, ಅದು ಇವರ ವಿಳಾಸಕ್ಕೆ ಡೆಲಿವರಿ ಆಗುವುದಿಲ್ಲ.

ಶನಿವಾರ ಪ್ರತಾಪನ ಮಗಳ ಬರ್ತ್‌ಡೇ. ಶೈಲಜಾ ರೇಷ್ಮೆ ಸೀರೆ ಉಟ್ಟು, ಫ್ರಾನ್ಸಿನಿಂದ ತಂದ ಬಾಟಲಿ ಹಿಡಿದು, ಕಿಚನ್ ದಾಟಿ ನೇರ ಗ್ಯಾರೇಜಿಗೆ ಇಳಿದರು.

"ಆಂಟಿ, ಲೇಡೀಸ್ ಎಲ್ಲ ಒಳಗಿದ್ದಾರೆ," ಅಂದ ಪ್ರತಾಪ್.

"ಗೊತ್ತಪ್ಪ. ಅಲ್ಲಿ ಕುಡಿಯೋರು ಯಾರೂ ಇಲ್ಲ, ಬೇಜಾರು."

ಕುರ್ಚಿ ಎಳೆದು ಕೂತು, ಕೆಂಪು ಲೋಟಕ್ಕೆ ವೈನ್ ಬಗ್ಗಿಸಿದರು.

"ನಿನ್ನ ರೂಲ್ ನನಗೆ ಒಪ್ಪಿಗೆ ಪ್ರತಾಪ್. ಕುಡಿದೋರು ಪೂಜೆ ಕೆಲಸ ಮುಟ್ಟಬಾರದು, ಅಲ್ಲೇನು? ಆರತಿ ಎತ್ತೋನು ನೀನು. ತೋರಣ ಕಟ್ಟೋನು ಅಭಿಷೇಕ್. ಬೇವು ಬೆಲ್ಲ ಹಂಚೋರು ಇಗೋ, ಇಲ್ಲೇ ಕೂತಾರ. ಉಳಿಯೋದು ನಮ್ಮನೆಯವರು ಒಬ್ರೇ. ಹೋಳಿಗೆ ಅವರೇ ಮಾಡ್ತಾರ ಬಿಡು."

"ನನಗೆ ಕುಕ್ಕರ್ ಮುಚ್ಚಳ ಹಾಕೋಕೂ ಬರಲ್ಲ," ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಸೂರ್ಯನಾರಾಯಣ ಅಂದರು. "ಜನಕ್ಕೆ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ಬೇಡಿ."

ಬೋಂಡಾ ತಿನ್ನುತ್ತಿದ್ದ ಅಭಿಷೇಕನಿಗೆ ನಗು ಬಂದು ನೆತ್ತಿಗೇರಿತು.

"ಅದು ಬೇರೆ ಆಂಟಿ," ಪ್ರತಾಪ್ ಗೊಣಗಿದ.

"ಏನು ಬೇರೆ?"

ಪ್ರತಾಪ್ ತನ್ನ ಲೋಟವನ್ನು ಕುರ್ಚಿಯ ಕೆಳಗೆ ಸರಿಸಿದ. ಇನ್ನೊಂದು ತಟ್ಟೆ ಬೋಂಡಾ ತಂದ ಅವನ ಹೆಂಡತಿ ರಚನಾ ತಟ್ಟೆ ಕೆಳಗಿಟ್ಟು ಲೋಟ ಚಾಚಿದಳು. "ನಂಗೂ ಸ್ವಲ್ಪ ಹಾಕಿ ಆಂಟಿ."

"ನೀನು ಕುಡೀತೀಯಾ?" ಪ್ರತಾಪ್ ಕೇಳಿದ.

"ಮದುವೆಯಾದಾಗಿಂದ ನೀನು ಕೇಳಿದ್ದು ಇವತ್ತೇ."

ಒಂದು ಗುಟುಕಿಗೆ ರಚನಾ ಮುಖ ಹಿಂಡಿದಳು. ಆದರೂ ಲೋಟ ಬಿಡಲಿಲ್ಲ.

ಪ್ರತಾಪ್ ಕ್ಷಮೆ ಕೇಳಲಿಲ್ಲ, ಅಂಥವರು ಕೇಳುವುದಿಲ್ಲ. ಸೋಮವಾರ ಫೋನ್ ಮಾಡಿ, "ಆಂಟಿ, ಕಡಲೆಬೇಳೆ ಎಷ್ಟು ತರಲಿ?" ಅಂದ. "ಬೇಳೆ ಜೊತೆ ನೀನೂ ಬಾ," ಅಂದರು ಶೈಲಜಾ. ಯುಗಾದಿಯ ಬೆಳಿಗ್ಗೆ ಅಧ್ಯಕ್ಷರು ಕಣಕ ನಾದಿದರು. ಅವರು ತಟ್ಟಿದ ಹೋಳಿಗೆ ನಾರ್ತ್ ಕ್ಯಾರೊಲಿನಾ ನಕ್ಷೆಯ ಹಾಗೆ ಒಂದು ಕಡೆ ಉದ್ದ, ಒಂದು ಕಡೆ ಹರುಕು. ಶೈಲಜಾ ಅದನ್ನೂ ತುಪ್ಪ ಹಾಕಿ ಬೇಯಿಸಿ, ಪ್ರತಾಪನ ಎಲೆಗೇ ಬಡಿಸಿದರು.

ಈಗ ನಿಮ್ಮ ವಿಷಯ. ನಿಮ್ಮ ಸಂಘದಲ್ಲೂ ಒಂದು ಮೆಸೇಜು ಹಾಕಿ ಯಾರನ್ನೋ ದೂರ ಇಟ್ಟಿದ್ದೀರಿ. ಯಾರು ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಇವತ್ತೇ ಅವರಿಗೆ ಫೋನ್ ಮಾಡಿ. ಮೆಸೇಜ್ ಬೇಡ. ಫೋನ್ ಮಾಡಿ, ಬಾಯಿಬಿಟ್ಟು "ಬನ್ನಿ" ಅನ್ನಿ.