ರೋಸಿ ತಿನ್ನದ ಮುಗುಡು

ಆ ಕಾಲದಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮೀಂಜದ ಕಡೆ ಮೀನಿಗೆ ರಜೆ. ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ. ಸೈಕಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಪೋಂ ಪೋಂ ಎಂದು ಹಾರನ್ ಒತ್ತುತ್ತ ಬರುತ್ತಿದ್ದ ಮಮ್ಮುಚ್ಚ ಆಗ ಒಣಮೀನು ಮಾರಿ ದಿನ ದೂಡುತ್ತಿದ್ದರು. ಮನುಷ್ಯರಾದ ನಾವು ಸೌತೆಕಾಯಿ, ಹಲಸಿನ ಬೀಜ ತಿಂದು ಹೇಗೋ ಸುಧಾರಿಸಿಕೊಳ್ಳುತ್ತಿದ್ದೆವು. ಸುಧಾರಿಸಿಕೊಳ್ಳದೆ ಇದ್ದವಳು ನಮ್ಮ ಬೆಕ್ಕು ರೋಸಿ ಒಬ್ಬಳೇ. ಹಾರನ್ ಕೇಳಿದೊಡನೆ ಬೇಲಿಯ ತನಕ ಓಡಿ, ಬುಟ್ಟಿಯನ್ನು ಮೂಸಿ, ಮಮ್ಮುಚ್ಚನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

"ನನ್ನನ್ನು ನೋಡಿ ಎಂತ ಮಾಡುವುದು? ಹೋಗಿ ಕಡಲಿಗೆ ಹೇಳು," ಎನ್ನುತ್ತಿದ್ದರು ಮಮ್ಮುಚ್ಚ.

ನಾನಾಗ ಆರನೇ ಕ್ಲಾಸು. ಪಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾನು, ನಾವು ಕೊಂಕಣಿಯವರು ಮಾಂಯ್ ಎಂದು ಕರೆಯುವ ನನ್ನ ತಾಯಿ, ಮತ್ತು ಬಡಕಲಾಗುತ್ತ ಬಂದ ರೋಸಿ. ಪಕ್ಕದ ಮನೆಯ ಸುಂದರನಿಗೆ ಅವಳ ಪಕ್ಕೆಲುಬು ನೋಡಿ ಕನಿಕರ ಹುಟ್ಟಿತು. ಗದ್ದೆಗೆ ಹತ್ತಿದ ಮೀನು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಸಂಜೆ ಕೊಡಪಾನದಲ್ಲಿ ಗೇಣುದ್ದದ ಮುಗುಡು ತಂದ. ಮೈಯೆಲ್ಲ ಲೋಳೆ, ಬಾಯಿಯ ಸುತ್ತ ಉದ್ದುದ್ದ ಮೀಸೆ.

"ಬೆಕ್ಕಿಗೆ ಹಾಕು ಮಾರಾಯ. ಪಾಪ, ಅದಕ್ಕೆ ಕೂಗಲಿಕ್ಕೂ ತ್ರಾಣ ಇಲ್ಲ."

ನನಗೊಂದು ದುರಾಸೆ. ಈಗಲೇ ಹಾಕಿದರೆ ಒಂದು ಹೊತ್ತಿಗೆ ಮುಗಿಯಿತು; ಸಾಕಿ ದಪ್ಪ ಮಾಡಿದರೆ ರೋಸಿಗೆ ಹಬ್ಬ. ಬಾವಿಕಟ್ಟೆಯ ಬಳಿ ನೀರು ತುಂಬಿಡುವ ಕಲ್ಲುಮರಿಗೆಯಲ್ಲಿ ಬಿಟ್ಟೆ. ಗೆದ್ದಲು, ಎರೆಹುಳ, ಅನ್ನದ ಅಗುಳು, ಕೊಟ್ಟದ್ದನ್ನೆಲ್ಲ ಅದು ನುಂಗಿತು. ಮೀಸೆಯ ದೆಸೆಯಿಂದ ಅದಕ್ಕೆ ಪೊಲೀಸ ಎಂದು ಹೆಸರಾಯಿತು.

ಮೊದಲ ದಿನವೇ ರೋಸಿ ಮರಿಗೆಯ ಅಂಚಿಗೆ ಹತ್ತಿ ಕೈ ಹಾಕಿದಳು. ಮುಗುಡಿನ ಪಕ್ಕದಲ್ಲಿ ಮುಳ್ಳಿರುತ್ತದೆ. ಕುತ್ತಿದರೆ ದೊಡ್ಡವರೂ ಅಳಬೇಕು. ರೋಸಿ ಕಿರುಚಿಕೊಂಡು ಹಂಚಿನ ಮೇಲೆ ಹತ್ತಿದವಳು ಸಂಜೆಯ ತನಕ ಇಳಿಯಲಿಲ್ಲ. ಆಮೇಲೆ ಆ ಮರಿಗೆಯ ಸುತ್ತಮುತ್ತ ಅವಳು ಕಾಲಿಡಲೇ ಇಲ್ಲ. ದೂರದ ತೆಂಗಿನ ಬುಡದಲ್ಲಿ ಕುಳಿತು ಅವಳು ನೋಡುವುದು, ನೀರಿನಿಂದ ಪೊಲೀಸ ನೋಡುವುದು. ಎರಡು ಮೀಸೆಗಳ ನಡುವೆ ನಾನು.

ತಿಂಗಳಾಗುವಷ್ಟರಲ್ಲಿ ಪೊಲೀಸ ನನ್ನ ಮೊಣಕೈಯಷ್ಟು ಉದ್ದವಾದ. ಮರಿಗೆಯ ಕಲ್ಲನ್ನು ತಟ್ಟಿದರೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದ. ಇನ್ನು ಬೆಕ್ಕಿಗೆ ಹಾಕುವ ಮಾತೆಲ್ಲಿಯದು? ಶಾಲೆಯಿಂದ ಬಂದು ಮೊದಲು ಅವನೊಡನೆ ಮಾತಾಡಿ, ಆಮೇಲೆ ಕೈಕಾಲು ತೊಳೆಯುತ್ತಿದ್ದೆ. ಅವನಿಗೊಂದು ಜೊತೆ ಬೇಕೆಂದು ಸುಂದರನಿಗೆ ದುಂಬಾಲು ಬಿದ್ದೆ. ಗುರುವಾರ ಶಾಲೆ ಬಿಟ್ಟ ಮೇಲೆ ಹೊಳೆಗೆ ಹೋಗುವುದೆಂದು ಮಾತಾಯಿತು.

ಆ ವಾರವೇ ಇಗರ್ಜಿಗೆ ಹೊಸದಾಗಿ ಬಂದ ಪಾದ್ರಿಗಳು ಮನೆ ಮನೆಗೆ ಭೇಟಿ ಕೊಡುತ್ತಿದ್ದರು. ಮಾಂಯ್ ಒಂದು ಹುಂಜವನ್ನು ಬುಟ್ಟಿಯಡಿ ಕವುಚಿಟ್ಟು, ನನ್ನನ್ನು ಇಗರ್ಜಿಗೆ ಅಟ್ಟಿದರು.

"ಗುರುವಾರ ಸಂಜೆ ಊಟಕ್ಕೇ ಬರಬೇಕಂತೆ ಎಂದು ಹೇಳು. ಮರೀಬೇಡ ಪುತಾ, ಗುರುವಾರ."

ಮರೆಯಲಿಲ್ಲ. ಆದರೆ ಗುರುವಾರ ಪಾದ್ರಿಗಳು ಬಂದರೆ ಇಸ್ತ್ರಿ ಅಂಗಿ ಹಾಕಿ ಜಪಮಾಲೆ ಹಿಡಿದು ಕೂರಬೇಕು. ಹೊಳೆಗೆ ಹೋಗುವುದು ಯಾರು? "ಶುಕ್ರವಾರ ಬರಬೇಕಂತೆ ಫಾದರ್," ಎಂದೆ. ಮನೆಗೆ ಬಂದು, "ಗುರುವಾರ ಆಗುವುದಿಲ್ಲವಂತೆ ಮಾಂಯ್, ಶುಕ್ರವಾರ ಬರ್ತಾರಂತೆ," ಎಂದೆ. ಒಂದೇ ದಾರಿಯಲ್ಲಿ ಎರಡು ಸುಳ್ಳು.

ಮಾಂಯ್ ತಲೆಯ ಮೇಲೆ ಕೈ ಹೊತ್ತು ಕುಳಿತರು. ಶುಕ್ರವಾರ ನಮ್ಮಲ್ಲಿ ಮಾಂಸ ತಿನ್ನುವಂತಿಲ್ಲ. ಹುಂಜ ಬಚಾವಾಯಿತು. ಮೀನಾಗಬಹುದು, ಆದರೆ ಮೀನೆಲ್ಲಿದೆ?

"ಸೌತೆಕಾಯಿ ಸಾಂಬಾರು ಬಡಿಸಲಿಕ್ಕೆ ಆಗ್ತದಾ ಮಮ್ಮುಚ್ಚ? ಹೊಸ ಪಾದ್ರಿ. ಊರಿಡೀ ಹೇಳ್ತಾರೆ," ಎಂದು ಮಾಂಯ್ ಬೇಲಿಯ ಬಳಿ ಗೋಗರೆದರು.

"ನಾನು ಈಜಿ ಹೋಗಿ ಹಿಡಿಯಲಾ ಬಾಯಮ್ಮ? ಒಣಮೀನು ಉಂಟು, ಬೇಕಾದರೆ ಕೊಡ್ತೇನೆ."

"ಪಾದ್ರಿಗೆ ಒಣಮೀನಾ!"

ಇದನ್ನೆಲ್ಲ ನಾನು ಕೇಳಿದ್ದೆ. ಆದರೂ ನನಗೆ ಹೊಳೆಯಲಿಲ್ಲ ನೋಡಿ. ಗುರುವಾರ ಹೊಳೆಯಲ್ಲಿ ಕತ್ತಲಾಗುವ ತನಕ ತಡಕಾಡಿದರೂ ಸಿಕ್ಕಿದ್ದು ಒಂದು ಕಪ್ಪೆ.

ಶುಕ್ರವಾರ ಶಾಲೆಯಿಂದ ಬರುವಾಗ ಗೇಟಿನಲ್ಲೇ ಪರಿಮಳ ಬಂತು. ಹುರಿದ ಕೊತ್ತಂಬರಿ, ಮೆಣಸು, ತೆಂಗಿನಕಾಯಿ ಅರೆದು, ಹುಳಿಗೆ ಬಿಂಬುಳಿ ಹಾಕಿ ಕುದಿಸಿದ ಮೀನಿನ ಪದಾರ್ಥ. ಬಾಯಲ್ಲಿ ನೀರೂರಿತು. ಆ ನೀರು ಗಂಟಲಿಗಿಳಿಯುವ ಮೊದಲೇ ಬಾವಿಕಟ್ಟೆ ಕಣ್ಣಿಗೆ ಬಿತ್ತು: ಖಾಲಿ ಮರಿಗೆ, ಲೋಳೆ ಹೋಗಲೆಂದು ಬೂದಿ ಹಾಕಿ ಉಜ್ಜಿದ ಕಲ್ಲು. ತೆಂಗಿನ ಬುಡದಲ್ಲಿ ರೋಸಿ, ಎಂದಿನಷ್ಟೇ ದೂರದಲ್ಲಿ.

ನಾನು ನೆಲದಲ್ಲಿ ಬಿದ್ದು ಹೊರಳಿದೆ. ಊಟ ಮಾಡುವುದೇ ಇಲ್ಲವೆಂದು ಶಪಥ ಮಾಡಿದೆ.

"ಬೆಕ್ಕಿಗೇಂತ ತಂದದ್ದಲ್ಲವಾ? ಪಾದ್ರಿ ಬೆಕ್ಕಿಗಿಂತ ಕಡಿಮೆಯಾ? ಮುಖ ತೊಳೆ," ಎಂದರು ಮಾಂಯ್. ಅವರ ಕಣ್ಣೂ ಕೆಂಪಾಗಿತ್ತು; ಈರುಳ್ಳಿಯಿಂದ ಎಂದರು.

ಪಾದ್ರಿಗಳು ಬಂದರು, ಜಪವಾಯಿತು, ಊಟಕ್ಕೆ ಕುಳಿತೆವು. ಮೊದಲ ತುತ್ತಿಗೇ ಅವರು ಕಣ್ಣರಳಿಸಿದರು. "ಈ ಮಳೆಯಲ್ಲಿ ಇಂಥ ಮೀನು ಎಲ್ಲಿಂದ ಬಾಯಮ್ಮ?"

"ಮಗ ಸಾಕಿದ್ದು ಫಾದರ್. ನಿಮಗೇಂತ."

ಅವರು ನನ್ನ ಬೆನ್ನು ತಟ್ಟಿದರು. ನನ್ನ ಬಟ್ಟಲಿನಲ್ಲೂ ಒಂದು ತುಂಡು ಇತ್ತು. ಅದನ್ನು ಬದಿಗೆ ಸರಿಸಿ ಬರೀ ರಸದಲ್ಲಿ ಅನ್ನ ಕಲಸಿದೆ. ಒಂದು ತುತ್ತು. ಇನ್ನೊಂದು. ಬೆರಳು ತಾನಾಗಿ ತುಂಡಿನ ಕಡೆ ಹೋಯಿತು. ಬೆಣ್ಣೆಯ ಹಾಗಿತ್ತು, ಎಷ್ಟಾದರೂ ನಾನೇ ಗೆದ್ದಲು ತಿನ್ನಿಸಿ ಬೆಳೆಸಿದ ಮೈ. ಕಣ್ಣೀರೂ ಇಳಿಯುತ್ತಿತ್ತು, ಮೀನೂ ಇಳಿಯುತ್ತಿತ್ತು. ಮತ್ತೆರಡು ತುಂಡು ಹಾಕಿಸಿಕೊಂಡೆ. ಕೊನೆಗೆ ಬಟ್ಟಲು ಮುಂದೆ ಚಾಚಿ, "ಮಾಂಯ್, ತಲೆ ಉಂಟಾ?" ಎಂದು ಕೇಳಿದೆ. ಮೀಸೆಯ ಸಮೇತ ತಿಂದೆ. ಮಾಂಯ್‌ಗೆ ಉಳಿದದ್ದು ರಸ, ರೋಸಿಗೆ ಮುಳ್ಳು.

ಮರುದಿನ ಶನಿವಾರ, ಪಾಪನಿವೇದನೆಗೆ ಇಗರ್ಜಿಗೆ ಹೋಗಿ, ಪಾದ್ರಿಗಳು ಮರೆಯಲ್ಲಿ ಕುಳಿತ ಜಾಲರಿಯ ಮುಂದೆ ಮೊಣಕಾಲೂರಿದೆ.

"ಫಾದರ್, ನಾನು ನನ್ನ ದೋಸ್ತಿಯನ್ನು ತಿಂದೆ."

ಆಚೆ ಕುರ್ಚಿ ಕಿರುಗುಟ್ಟಿತು. "ಎಷ್ಟು ತುಂಡು?"

"ಮೂರು. ತಲೆ ಬೇರೆ."

"ಹೂಂ. ನಾನು ನಾಲ್ಕು," ಎಂದಿತು ಒಳಗಿನ ಸ್ವರ. "ನಿನ್ನ ಪ್ರಾಯಶ್ಚಿತ್ತ ನೀನು ಮಾಡು, ನನ್ನದು ನಾನು ಮಾಡ್ತೇನೆ. ಬೇರೆ ಎಂತಾದರೂ ಉಂಟಾ?"

ಗುರುವಾರ, ಶುಕ್ರವಾರದ ಸುಳ್ಳನ್ನೂ ಹೇಳಿದೆ. ಅದಕ್ಕೂ ಕ್ಷಮೆ ಸಿಕ್ಕಿತು. ಆದರೆ ಇನ್ನೊಂದು ಸುಳ್ಳನ್ನು ನಾನು ಹೇಳಿದ್ದು ಆಮೇಲೆ, ಇಗರ್ಜಿಯಿಂದ ಮನೆಗೆ ಬರುವ ದಾರಿಯಲ್ಲಿ. ಸುಂದರ ಎದುರಿಗೆ ಬಂದ. ಕೊಡಪಾನದಲ್ಲಿ ಎರಡನೆಯ ಮುಗುಡು.

"ಪೊಲೀಸನಿಗೆ ಜೊತೆ ಸಿಕ್ಕಿತು! ಎಲ್ಲಿ ಅವ?"

"ರೋಸಿ ತಿಂದಳು," ಎಂದುಬಿಟ್ಟೆ.

ಸುಂದರ ಕೊಡಪಾನವನ್ನು ದಾರಿಬದಿಯ ತೋಡಿನ ನೀರಿಗೆ ಬಗ್ಗಿಸಿದ. ಆಮೇಲೆ ರೋಸಿ ಅವರ ಮನೆಯ ಕಡೆ ಹೋದರೆ, "ಕಳ್ಳಿ ಬಂದಳು," ಎಂದು ಕಲ್ಲು ಹೊಡೆಯುತ್ತಿದ್ದ. ಮುಳ್ಳು ಕುತ್ತಿಸಿಕೊಂಡು ಮರಿಗೆಗೇ ಹೆದರಿದ್ದ ಬಡಪಾಯಿ, ಸಾಯುವ ತನಕ ಕಳ್ಳಿಯಾಗಿಯೇ ಉಳಿದಳು. ಆ ಪಾಪವನ್ನು ಪ್ರತಿ ಶನಿವಾರ ಜಾಲರಿಯ ಮುಂದೆ ಹೇಳದೆ ನುಂಗಿಕೊಂಡು ಬಂದೆ.

ಈಗ ಮೀನಿಗೆ ರಜೆಯಿಲ್ಲ. ಎಂಥ ಮಳೆಯಲ್ಲೂ ಮಂಜುಗಡ್ಡೆ ಹಾಕಿದ ಮೀನು ಮನೆ ಬಾಗಿಲಿಗೇ ಬರುತ್ತದೆ. ಬೇಲಿಯ ಬಳಿ ಕಾಯುವ ಬೆಕ್ಕೂ ಇಲ್ಲ, ಕಾಯಿಸಿ ಕಾಯಿಸಿ ಬರುವ ರುಚಿಯೂ ಇಲ್ಲ. ಮಾಂಯ್ ಇಲ್ಲ, ಮಮ್ಮುಚ್ಚ ಇಲ್ಲ. ಕಲ್ಲುಮರಿಗೆ ಅಂಗಳದ ಮೂಲೆಯಲ್ಲಿ ಬಿದ್ದಿದೆ, ಮೊಮ್ಮಗಳು ಅದರಲ್ಲಿ ಪುದೀನ ಬೆಳೆಸಿದ್ದಾಳೆ. ಅವಳ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೀನುಗಳಿವೆ. ಅವಕ್ಕೆ ಡಬ್ಬಿಯ ಕಾಳು ಸಾಕು, ಗೆದ್ದಲು ಹುಡುಕುವ ಕೆಲಸವಿಲ್ಲ.

ಮೊನ್ನೆ ಸುಂದರ ಬಂದಿದ್ದ. ಅವನ ಮೀಸೆಯೂ ಈಗ ಬೆಳ್ಳಗಾಗಿದೆ. ತೊಟ್ಟಿಯನ್ನು ಬಗ್ಗಿ ನೋಡಿ ಮೊಮ್ಮಗಳನ್ನು ಕೇಳಿದ: "ಮನೆಯಲ್ಲಿ ಬೆಕ್ಕು ಉಂಟಾ ಮಗಾ?"

"ಇಲ್ಲ ಅಜ್ಜ."

"ಹಾಗಾದರೆ ಹೆದರಿಕೆ ಇಲ್ಲ," ಎಂದು ಸಮಾಧಾನದಿಂದ ಕುರ್ಚಿಯಲ್ಲಿ ಕುಳಿತ.

ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ಮುಖ ನೋಡಿ ಹೇಳಲಿಕ್ಕೆ ಈ ವಯಸ್ಸಿನಲ್ಲೂ ಧೈರ್ಯ ಸಾಲಲಿಲ್ಲ. ಅಚ್ಚಾದದ್ದನ್ನು ಅವನು ಒಂದಕ್ಷರ ಬಿಡದೆ ಓದುತ್ತಾನೆ. ಅದಕ್ಕೇ ಇದನ್ನು ಬರೆದೆ. ಸುಂದರಾ, ರೋಸಿ ಅಲ್ಲ ಮಾರಾಯ. ಕಲ್ಲು ಹೊಡೆಯಬೇಕೆಂದಿದ್ದರೆ ನಾನು ಮನೆಯಲ್ಲೇ ಇದ್ದೇನೆ.