ಬೂದಿಯಾದ ಹೊಂಗೂದಲು

ನಾನು ಹುಟ್ಟಿದ್ದೇ ಹೊಂಬಣ್ಣದ ಕೂದಲಿನೊಂದಿಗೆ. ಚರ್ಮ ಬಿಳಿ, ಹುಬ್ಬು ಮತ್ತು ರೆಪ್ಪೆ ತಿಳಿಹಳದಿ. ಮೈಯಲ್ಲಿ ಬಣ್ಣ ತಯಾರಾಗುವುದಿಲ್ಲ, ಅಷ್ಟೇ, ಇದು ಅಂಟುವ ರೋಗವಲ್ಲ ಎಂದು ಬಳ್ಳಾರಿಯ ಡಾಕ್ಟರು ಅವ್ವನಿಗೆ ಹೇಳಿದ್ದರಂತೆ. ಕಣ್ಣು ಮಾತ್ರ ಮಂದ, ಬಿಸಿಲಿಗೆ ಹೆದರುತ್ತದೆ. ಆಂಧ್ರದ ಗಡಿಯ ನಮ್ಮ ಆದೋನಿಯಲ್ಲಿ ಬಿಸಿಲಿಲ್ಲದ ದಿನ ಅಪರೂಪವಾದ್ದರಿಂದ ವರ್ಷವಿಡೀ ಛತ್ರಿ ಹಿಡಿದೇ ಓಡಾಡುತ್ತೇನೆ. ಚಿಕ್ಕವಳಿದ್ದಾಗ ಓಣಿಯವರು ನನ್ನನ್ನು ದೊರಸಾನಿ, ಬಿಳಿಯರ ಹೆಂಗಸು, ಎಂದು ಕರೆಯುತ್ತಿದ್ದರು.

ನಾನು ಶಾಲೆಗೆ ಸೇರಿದ ವರ್ಷ ಅವ್ವ ನನ್ನ ತಲೆಗೆ ಕಪ್ಪು ಹಚ್ಚಲು ಶುರು ಮಾಡಿದಳು. ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಹೆಗಲಿಗೆ ಹಳೆಯ ಟವೆಲು ಹೊದಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಬುಡದವರೆಗೆ ತೀಡುತ್ತಿದ್ದಳು. ಹುಬ್ಬಿಗೆ ಮಾತ್ರ ಹಚ್ಚುತ್ತಿರಲಿಲ್ಲ, ಕಣ್ಣಿಗೆ ಇಳಿದೀತೆಂಬ ಹೆದರಿಕೆ. ನಾನು ಓದು ಮುಗಿಸಿ ಪೆದ್ದಹರಿವಾಣಂನ ಕನ್ನಡ ಶಾಲೆಯಲ್ಲಿ ಟೀಚರ್ ಆದ ಮೇಲೂ ಅದು ನಿಲ್ಲಲಿಲ್ಲ. ಅವಳು ಯಾಕೆ ಹಚ್ಚುತ್ತಾಳೆಂದು ನಾನು ಕೇಳಿರಲಿಲ್ಲ. ನನ್ನನ್ನು ಹೆತ್ತದ್ದಕ್ಕೆ ನಾಚಿಕೆ ಇರಬೇಕು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಅವಳ ಕೈಯಿಂದ ಹಚ್ಚಿಸಿಕೊಳ್ಳುತ್ತಿದ್ದೆ.

ಅವ್ವ ಹೋದದ್ದು ಚಳಿಗಾಲದಲ್ಲಿ, ನಾಲ್ಕಾರು ದಿನದ ಜ್ವರಕ್ಕೆ. ನಾನು ಅಳಲಿಲ್ಲ. ಬಂದವರಿಗೆ ಚಹಾ ಮಾಡಿದೆ, ಅವಳ ಸೀರೆಗಳನ್ನು ಮಡಚಿಟ್ಟೆ, ರಜೆ ಮುಗಿದ ಮೇಲೆ ಶಾಲೆಗೆ ಹೋದೆ. ಎಲ್ಲರೂ ಗಟ್ಟಿಗಿತ್ತಿ ಎಂದರು. ಅದು ಗಟ್ಟಿತನವಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಸೂಜಿಯ ನಂತರ ನಮ್ಮ ತುಟಿ ಮುಟ್ಟಿದರೆ ಬೇರೆ ಯಾರದೋ ತುಟಿ ಅನ್ನಿಸುತ್ತದಲ್ಲ, ನನಗೆ ಇಡೀ ಮೈ ಹಾಗಿತ್ತು. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದೆ, ಹೇಳಿಕೊಡುತ್ತಿರುವುದು ನನಗೇ ಕೇಳುತ್ತಿರಲಿಲ್ಲ.

ತಲೆಗೆ ಬಣ್ಣ ಹಚ್ಚುವುದೂ ನಿಂತಿತು. ಅದೇನೂ ನಿರ್ಧಾರವಲ್ಲ. ಹಚ್ಚುವವಳು ಇರಲಿಲ್ಲ, ಹಚ್ಚಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಬುಡದಿಂದ ಹಳದಿ ಇಳಿಯುತ್ತ ಕಿವಿಯವರೆಗೆ ಬಂತು, ಕೆಳಗೆ ಕಪ್ಪು ಹಾಗೇ ಉಳಿಯಿತು.

ಮನೆಯಲ್ಲಿ ಈಗ ನಾನು ಮತ್ತು ತಮ್ಮ ಇಬ್ಬರೇ. ಅವನು ಹತ್ತಿ ಮಾರ್ಕೆಟ್ಟಿನಲ್ಲಿ ದಲ್ಲಾಳಿ. ಅವ್ವನ ವರ್ಷದ ಕಾರ್ಯ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ.

"ಅಕ್ಕಾ, ಹಾಲಹರವಿಯಿಂದ ದೊಡ್ಡವ್ವ, ಮಂದಿಯೆಲ್ಲಾ ಬರ್ತಾರ. ತೆಲಿಗೆ ಒಂಚೂರು ಕರ್ರಗ ಹಚ್ಕೊಂಬಿಡು."

"ಹೂಂ" ಎಂದೆ. ಆ ಭಾನುವಾರವೇ ನಮ್ಮ ಮುಂದಿನ ಓಣಿಯ ಬ್ಯೂಟಿ ಪಾರ್ಲರಿಗೆ ಹೋದೆ. ಅದನ್ನು ನಡೆಸುವವಳು ಗೋನೆಗಂಡ್ಲ ಕಡೆಯಿಂದ ಮದುವೆಯಾಗಿ ಬಂದ ಹೆಂಗಸು. ಕಪ್ಪು ಹಚ್ಚಬೇಕು ಎಂದೆ. ಕುರ್ಚಿಯಲ್ಲಿ ಕೂರಿಸಿ ನನ್ನ ತಲೆಯ ಮೇಲಿನ ಸೆರಗು ಸರಿಸಿದವಳು ಬುಡದ ಕೂದಲನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದಳು.

"ಇದು ನಿಮ್ದೇನಾ?"

"ನಂದೇ."

"ಅಯ್ಯೋ ದೇವುಡಾ! ಈ ಕಲರ್ ಸಲುವಾಗಿ ಹುಡುಗೇರು ಬ್ಲೀಚ್ ಹಾಕಿಸ್ಕೊಂಡು ತೆಲಿ ಸುಟ್ಕೊಂತಾರ್ರೀ. ನೀವು ನೋಡಿದ್ರ ಕರ್ರಗ ಮಾಡು ಅಂತೀರಿ. ಕೆಳಗಿನ ಕಪ್ಪು ತೆಗದು ಎಲ್ಲಾ ಒಂದೇ ಮಾಡ್ಲಾ?"

"ಮಾಡ್ರಿ" ಎಂದೆ. ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು. ಮಾಡ್ರಿ ಎನ್ನುವುದಕ್ಕೆ ಬೇಕಿರಲಿಲ್ಲ.

ತುದಿಯ ಕೂದಲನ್ನು ಒಂದು ಗೇಣು ಕತ್ತರಿಸಿದಳು. ಉಳಿದ ಕಪ್ಪಿಗೆ ಬ್ಲೀಚ್ ಹಚ್ಚಿದಳು. ಕಪ್ಪು ಹೋಗಿ ತುಕ್ಕಿನ ಬಣ್ಣ ಬಂತು, ಇನ್ನೊಂದು ಸಲ ಹಚ್ಚಿದ ಮೇಲೆ ಕಿತ್ತಳೆ. ಈ ಕಿತ್ತಳೆಯನ್ನು ಕೊಲ್ಲಬೇಕೆಂದು ಛಾಯೆ ತಿದ್ದುವ ನೀಲಿ-ನೇರಳೆ ಬಣ್ಣದ ಟೋನರ್ ಕಲಸಿ ಬುಡದಿಂದ ತುದಿಯವರೆಗೆ ಬಳಿದಳು. ಅಷ್ಟರಲ್ಲಿ ಮದುವೆಯ ಹೆಣ್ಣೊಬ್ಬಳು ಮೆಹಂದಿ ಕೇಳಿಕೊಂಡು ಬಂದಳು, ಇವಳು ಅವಳೊಂದಿಗೆ ಮಾತಿಗೆ ನಿಂತಳು. ನೆತ್ತಿ ತಣ್ಣಗಾಗುತ್ತಿತ್ತು. ಹೊತ್ತಾಯಿತೇನೋ ಎಂದು ನನಗೆ ಅನ್ನಿಸಿತು, ಬಾಯಿ ಬಿಡಲಿಲ್ಲ.

ತೊಳೆದು ಒಣಗಿಸಿದಾಗ ಕನ್ನಡಿಯಲ್ಲಿ ಬೂದು ಬಣ್ಣದ ಕೂದಲಿತ್ತು. ಒಲೆಯಿಂದ ತೋಡಿ ಹಾಕಿದ ಬೂದಿಯ ಹಾಗೆ, ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ನೀಲಿಯೂ ಕಾಣುತ್ತಿತ್ತು. ನನ್ನ ಬುಡದ ಹಳದಿಯನ್ನೂ ಅದು ನುಂಗಿತ್ತು. ಅವಳ ಮುಖ ಇಳಿಯಿತು.

"ಆಶ್ ಜಾಸ್ತಿ ಆತ್ರೀ. ಬ್ಲೀಚ್ ಆದ ಕೂದ್ಲು ಬಣ್ಣ ಜಲ್ದಿ ಕುಡೀತದ, ನಾ ಅದನ್ನ ನೋಡ್ಕೊಬೇಕಿತ್ತು. ನಾಳೆ ಬರ್ರಿ, ಸರಿ ಮಾಡ್ತೀನಿ."

"ಇರ್ಲಿ ಬಿಡ್ರಿ" ಎಂದು ಮನೆಗೆ ಬಂದೆ. ಮರುದಿನವೂ ಹೋಗಲಿಲ್ಲ, ಮರುವಾರವೂ ಹೋಗಲಿಲ್ಲ. ತಮ್ಮ ಹತ್ತಿ ಸೀಜನ್ನಿನ ಗದ್ದಲದಲ್ಲಿ ಬೆಳಕು ಹರಿಯುವ ಮುಂಚೆ ಹೊರಟು ನಾನು ಮಲಗಿದ ಮೇಲೆ ಬರುತ್ತಿದ್ದ, ಅವನು ಗಮನಿಸಲಿಲ್ಲ.

ಆ ದಿನಗಳಲ್ಲಿ ನಾನು ಒಂದು ಸಂಗತಿ ಕಂಡುಕೊಂಡೆ. ನನ್ನನ್ನು ಯಾರೂ ದಿಟ್ಟಿಸುತ್ತಿರಲಿಲ್ಲ. ಬೂದಿ ಬಣ್ಣದ ಕೂದಲು, ಛತ್ರಿ, ದಪ್ಪ ಕನ್ನಡಕ. ನೋಡುವವರಿಗೆ ನಾನು ಒಬ್ಬ ಮುದುಕಿ, ಮುದುಕಿಯರು ಊರ ತುಂಬ ಇದ್ದಾರೆ. ಬಸ್ಸಿನಲ್ಲಿ ಕಂಡಕ್ಟರ್ ತೆಲುಗಿನಲ್ಲಿ "ಅವ್ವಾ, ಇಟ್ಲಾ ರಾ, ಕೂಚೋ" ಎಂದು ಜಾಗ ಬಿಡಿಸಿಕೊಟ್ಟ. ತೆಲುಗಿನವರಿಗೆ ಅವ್ವ ಅಂದರೆ ಅಜ್ಜಿ. ನಾನು ಹೋಗಿ ಕೂತೆ. ಮೂವತ್ತು ದಾಟಿ ಬಹಳ ವರ್ಷವಾಗಿಲ್ಲ ಎಂದು ಹೇಳಬೇಕೆನ್ನಿಸಲಿಲ್ಲ. ಶಾಲೆಯಲ್ಲಿ ಮಾತ್ರ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು "ಟೀಚರ್, ನಿಮಗ ಒಮ್ಮಿಗೇ ವಯಸ್ಸಾತೇನ್ರಿ?" ಎಂದು ಕೇಳಿದಳು. ಹೌದು ಎಂದೆ. ಹಾಗೇ ಇದ್ದುಬಿಡಬಹುದಿತ್ತು. ಒಳಗೆ ಇದ್ದ ಬಣ್ಣವೇ ಹೊರಗೂ ಬಂದಂತಿತ್ತು, ಅದರಲ್ಲಿ ಒಂದು ತರದ ಆರಾಮವಿತ್ತು.

ಒಂದು ಸಂಜೆ ತಮ್ಮ ಬೇಗ ಬಂದ. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಕೂದಲನ್ನು ಗಂಟು ಹಾಕಿಕೊಂಡಿದ್ದೆ. ಚಪ್ಪಲಿ ಬಿಡುವ ಸದ್ದಾಯಿತು, ಆಮೇಲೆ ಅವನ ದನಿ.

"ಅವ್ವಾ, ಒಂದ್ ಲೋಟ ನೀರು ಕೊಡು."

ತಿರುಗಿದೆ. ಅವನು ಬಾಗಿಲ ಚೌಕಟ್ಟು ಹಿಡಿದು ನನ್ನ ಮುಖ ನೋಡಿದ, ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅವ್ವನನ್ನು ಮಣ್ಣು ಮಾಡಿದ ದಿನ ಕೂಡ ಅವನು ಹೀಗೆ ಅತ್ತಿರಲಿಲ್ಲ. ನಾನು ಒಲೆ ಆರಿಸಿದೆ, ಹಿಟ್ಟಿನ ಕೈ ತೊಳೆದೆ, ನೀರು ಕೊಟ್ಟೆ. ಪಕ್ಕದಲ್ಲಿ ಕೂತೆ. ಹೆಗಲ ಮೇಲೆ ಕೈ ಇಟ್ಟೆ, ಇಡಬೇಕೆಂದು ಗೊತ್ತಿದ್ದರಿಂದ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಮನೆಯೆಲ್ಲ ತುಂಬಿತು.

ನೀರು ಕುಡಿದು ಲೋಟ ಕೆಳಗಿಟ್ಟು ಅವನು ಹೇಳಿದ. "ಅದನ್ನ ತೆಗಸು ಅಕ್ಕಾ. ಕರ್ರಗರ ಮಾಡ್ಕೊ, ಹಳದಿಯರ ಮಾಡ್ಕೊ. ಇದೊಂದು ಬ್ಯಾಡ."

ಮರುದಿನ ಶಾಲೆ ಮುಗಿಸಿ ನೇರ ಪಾರ್ಲರಿಗೆ ಹೋದೆ. ಅವಳು ನನ್ನನ್ನು ನೋಡಿದ್ದೇ ಎದ್ದು ಬಂದಳು. "ದಿನಾ ಕಾಯ್ದೀನ್ರಿ ನಿಮ್ಮನ್ನ" ಎಂದಳು. ಕಪ್ಪು ಹಚ್ಚಲೇ ಎಂದು ಈ ಸಲ ಅವಳೇ ಕೇಳಿದಳು. ಬೇಡ, ಮೊದಲಿದ್ದ ಬಣ್ಣಕ್ಕೆ ತರ್ರಿ ಎಂದೆ. ಎಷ್ಟೋ ತಿಂಗಳ ಮೇಲೆ ನಾನು ಬೇಕು ಬೇಡ ಎಂದು ಹೇಳಿದ್ದು ಅದೇ ಮೊದಲಿರಬೇಕು.

"ನೇರಳೆ ಹೆಚ್ಚು ಕೂತು ನಿಮ್ಮ ಹಳದಿ ತಿಂದೈತಿ. ಮೊದ್ಲು ತೊಳದು ಅದನ್ನ ಸಡಿಲ ಮಾಡೋಣ. ಆಮ್ಯಾಲೆ ಬಂಗಾರ ವಾಪಸ್ ಕೊಡ್ಬೇಕು."

ಬಣ್ಣ ಇಳಿಸುವ ಶಾಂಪೂ ಹಾಕಿ ಮತ್ತೆ ಮತ್ತೆ ತೊಳೆದಳು. ಬೇಸಿನ್ನಿನಲ್ಲಿ ಮಸುಕು ನೀರು ಇಳಿದು ಹೋಯಿತು. ಬಟ್ಟಲಲ್ಲಿ ಚಿನ್ನದ ಬಣ್ಣದ ಟೋನರಿಗೆ ತಾಮ್ರದ ಬಣ್ಣ ಚೂರು ಬೆರೆಸಿ, ಕಿವಿಯ ಹಿಂದಿನ ಒಂದು ಎಳೆಗೆ ಹಚ್ಚಿ ಕಾದಳು. ಅದು ಕೆಂಪಗಾಯಿತು. "ಇಲ್ರೀ, ಇದು ಬ್ಯಾಡ" ಎಂದು ಬಟ್ಟಲು ಚೆಲ್ಲಿ, ತಾಮ್ರ ಬಿಟ್ಟು ಬರೀ ಚಿನ್ನವನ್ನು ತೆಳ್ಳಗೆ ಕಲಸಿದಳು. ಇನ್ನೊಂದು ಎಳೆ. ಈ ಸಲ ನನ್ನ ಕನ್ನಡಕ ತೆಗೆಸಿ, ಎಳೆಯನ್ನು ಹುಬ್ಬಿನ ಪಕ್ಕ ಹಿಡಿದು ಹೋಲಿಸಿದಳು. ಹುಬ್ಬಿಗೆ ಯಾರೂ ಏನೂ ಹಚ್ಚಿರಲಿಲ್ಲವಲ್ಲ. ಸರಿಹೋಯಿತು ಅನ್ನಿಸಿದ ಮೇಲೆ ತುದಿಗೆ ಮೊದಲು ಹಚ್ಚಿ, ಬುಡಕ್ಕೆ ಕೊನೆಗೆ ಸವರಿದಳು. ಫೋನ್ ಬಂದರೂ ಎತ್ತಲಿಲ್ಲ, ಬಾಗಿಲಿಗೆ ಬಂದವರನ್ನು ಆಮೇಲೆ ಬರ್ರಿ ಎಂದು ಕಳಿಸಿದಳು. ನನ್ನ ಎದುರು ಸ್ಟೂಲ್ ಹಾಕಿಕೊಂಡು ಕೂತು, ಹಾಲು ಉಕ್ಕೀತೆಂದು ಕಾಯುವವಳ ಹಾಗೆ ಕೂದಲನ್ನೇ ನೋಡುತ್ತಿದ್ದಳು.

ತೊಳೆದು ಒಣಗಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಒಣಗಿದ ಜೋಳದ ದಂಟಿನ ಬಣ್ಣ ಬಂದಿತ್ತು. ತುದಿಯಲ್ಲಿ ಒಂದಿಷ್ಟು ಮಂಕು ಉಳಿದಿತ್ತು, ಅದು ತೊಳೆಯುತ್ತ ಹೋಗುತ್ತದೆ ಎಂದಳು. "ಚೆಂದ ಐತ್ರಿ" ಎಂದೆ. ಅವಳು ಅದನ್ನೇ ಕಾಯುತ್ತಿದ್ದಳು.

ಮನೆಯಲ್ಲಿ ತಮ್ಮ ಒಂದು ಸಲ ನೋಡಿ "ಹೂಂ, ಊಟಕ್ಕ ಹಾಕು" ಎಂದ. ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ತಿಂದ.

ವರ್ಷದ ಕಾರ್ಯದ ದಿನ ಹಾಲಹರವಿಯಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ, ಮಾತು ಮುಚ್ಚಿಡುವವಳಲ್ಲ. ಪೂಜೆ ಮುಗಿದು ಜಂಗಮರ ಊಟವಾಗುವಾಗ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಜಡೆ ಕೈಗೆ ತೆಗೆದುಕೊಂಡಳು.

"ಏನ, ಬಣ್ಣ ಹಾಕಿಸೀಯೇನು?"

"ಹಾಕಿದ್ದನ್ನ ತೆಗಿಸೀನಿ ದೊಡ್ಡವ್ವ. ಹೆಚ್ಚುಕಮ್ಮಿ ಇದ ನಂದು."

ಅವಳು ಬಯ್ಯಲಿಲ್ಲ. ಜಡೆಯನ್ನು ಅಂಗೈಯಲ್ಲಿ ತೂಗಿ ನೋಡುತ್ತ ಹೇಳಿದಳು. "ನೀ ಹುಟ್ಟಿದಾಗ ಹಿಂಗ ಇತ್ತು. ಬಂದ ಬಂದೋರಿಗೆಲ್ಲಾ ನಿಮ್ಮವ್ವ ನಿನ್ನ ತೆಲಿ ಮ್ಯಾಲಿನ ಕುಂಚಿಗಿ ಬಿಚ್ಚಿ ತೋರಸ್ತಿದ್ಲು. ನೋಡ್ರಿ ನನ್ನ ಮಗಳ ಕೂದ್ಲ, ಅಂತಿದ್ಲು. ಕೂಸಿಗೆ ದೃಷ್ಟಿ ಆದೀತು ಕಟ್ಟ ಅಂತ ನಾನ ಬೈತಿದ್ದೆ."

"ಮತ್ತ ಕರ್ರಗ ಯಾಕ ಹಚ್ಚಿದ್ಲು?"

"ಆಕಿ ಎಲ್ಲಿ ಹಚ್ಚಿದ್ಲು? ನೀನ ಹಚ್ಚಿಸ್ಕೊಂಡಿ. ಸಾಲಿಗಿ ಹೋದ ಮೊದಲ್ನೇ ದಿನ ಅತ್ಕೋತ ಬಂದು, ನಂದೂ ಎಲ್ಲಾರಂಗ ಮಾಡು ಅಂತ ಉಂಡಿಲ್ಲ, ಮಲಗಿಲ್ಲ. ಆಕಿ ಏನು ಮಾಡ್ಬೇಕು?"

ನನಗೆ ಅದು ನೆನಪಿರಲಿಲ್ಲ, ಈಗಲೂ ಇಲ್ಲ. ನೆನಪಿಸಿಕೊಳ್ಳಲು ನೋಡಿದೆ, ಬ್ರಷ್ಷು ಟವೆಲು ಬಿಟ್ಟು ಬೇರೇನೂ ಸಿಗಲಿಲ್ಲ. ಅಳು ಬಂದೀತೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಒಳಗಿನಿಂದ ತಮ್ಮ ಸಾರಿನ ಸೌಟು ಎಲ್ಲಿ ಎಂದು ಕೂಗುತ್ತಿದ್ದ.

"ಇನ್ನೊಂದ್ಸಲ ಹೇಳು ದೊಡ್ಡವ್ವ" ಎಂದೆ.

ದೊಡ್ಡವ್ವ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡು, ಕುಂಚಿಗಿಯಿಂದ ಮತ್ತೆ ಶುರು ಮಾಡಿದಳು.