ಖಾಲಿ ಡಬ್ಬಿ ಕೊಡುವಂತಿಲ್ಲ

"ಅಮ್ಮಾ, ವನಮಾಲಾ ಮಾಮಿಗೆ ಬುದ್ಧಿ ಹೇಳಕ್ಕೆ ಬರಲ್ವಾ?"

ಸೊಪ್ಪು ಬಿಡಿಸುತ್ತಿದ್ದ ಸುಬ್ಬಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಐದು ವರ್ಷದ ಪುಟ್ಟಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೆಳತಿ ಟೂ ಬಿಟ್ಟಳೆಂದು ಅಳುತ್ತ ಬಂದವಳಿಗೆ ಮುಲುಂಡಿನ ಆ ಬಿಲ್ಡಿಂಗಿನ ಮೂರು ಮಹಡಿಯವರೂ ಒಂದೊಂದು ಉಪಾಯ ಹೇಳಿದ್ದರು. ಎದುರುಮನೆಯ ವನಮಾಲಾ ಮಾತ್ರ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು "ಆಮೇಲೆ?" ಅಂದಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಆಮೇಲೆ?" ಅಂದಿದ್ದರು. ಅಷ್ಟೇ.

"ಬೇಕಾದಷ್ಟು ಬರತ್ತೆ ಕಣೆ. ಹೇಳದೆ ಇರೋದನ್ನ ಕಲೀತಾ ಇದಾರೆ."

"ಅದಕ್ಕೂ ಕಾಲೇಜಿಗೆ ಹೋಗ್ಬೇಕಾ?"

"ಎರಡು ವರ್ಷ ಹೋಗ್ಬೇಕು."

ಹೋಗಲೇಬೇಕಾಗಿತ್ತು. ಮೈಸೂರಿನಿಂದ ಗಂಡನ ಬ್ಯಾಂಕ್ ಕೆಲಸದ ಹಿಂದೆ ಬಂದ ವನಮಾಲಾ ವಿಲೆ ಪಾರ್ಲೆಯ ಸ್ಕೂಲಿನಲ್ಲಿ ಹನ್ನೊಂದು ವರ್ಷ ಲೆಕ್ಕ ಕಲಿಸಿದವರು. ಲೆಕ್ಕಕ್ಕಿಂತ ಹೆಚ್ಚಾಗಿ ಬುದ್ಧಿ ಹೇಳಿದವರು. ಒಂದು ಮಧ್ಯಾಹ್ನ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಟೀಚರ್, ಮನೇಲಿ..." ಅಂದಳು. ಇವರು ಅಲ್ಲಿಂದಲೇ ಮಾತು ಕೈಗೆತ್ತಿಕೊಂಡರು: ಬೆಳಗ್ಗೆ ಬೇಗ ಏಳು, ಗಮನ ಕೊಟ್ಟು ಓದು, ಎಲ್ಲ ಸರಿಹೋಗುತ್ತೆ. ಹುಡುಗಿ ತಲೆಯಾಡಿಸಿ ಹೋದಳು. ಮುಂದಿನ ತಿಂಗಳು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಬಿತ್ತು. "ಮನೇಲಿ" ಎಂಬುದರ ಮುಂದೆ ಏನಿತ್ತೋ, ವನಮಾಲಾಗೆ ಕೊನೆಗೂ ತಿಳಿಯಲಿಲ್ಲ.

ಮೂವತ್ತೆಂಟನೆಯ ವಯಸ್ಸಿನಲ್ಲಿ, ಎಪ್ಪತ್ಮೂರನೆಯ ಇಸವಿಯಲ್ಲಿ, ಕೆಲಸ ಬಿಟ್ಟು ಮನಶ್ಶಾಸ್ತ್ರದ ಎಂ.ಎ.ಗೆ ಸೇರಿದರು. ಅಡುಗೆ ಮನೆ ಮೊದಲಿಂದಲೂ ಗಂಡ ಸೀತಾರಾಮರದ್ದೇ. "ನೀನು ಸಿಲಬಸ್ ನೋಡ್ಕೋ, ನಾನು ಸಾಸಿವೆ ನೋಡ್ಕೋತೀನಿ" ಅಂದುಬಿಟ್ಟರು ಆತ.

ಎರಡನೆಯ ವರ್ಷ ಪ್ರತಿ ಗುರುವಾರ ಬೈಕುಲ್ಲಾದ ಧರ್ಮಾರ್ಥ ದವಾಖಾನೆಯಲ್ಲಿ ತರಬೇತಿ. ಡಾಕ್ಟರಿಗೆ ಯಾವ ರೋಗವೂ ಸಿಕ್ಕದ ಹೆಂಗಸರನ್ನು ಇವರ ಹತ್ತಿರ ಕಳಿಸುತ್ತಿದ್ದರು. ಇವರು ಕೂತು ಕೇಳಬೇಕು, ಮನೆಗೆ ಬಂದು ಇಬ್ಬರೂ ಆಡಿದ ಮಾತನ್ನೆಲ್ಲ ಇದ್ದಂತೆಯೇ ಬರೆಯಬೇಕು. ಇವರು ಬುದ್ಧಿ ಹೇಳಿದ ಜಾಗಕ್ಕೆಲ್ಲ ಕಾಲೇಜಿನ ಗೈಡ್ ಕೆಂಪು ಸುತ್ತು ಹಾಕುತ್ತಿದ್ದರು. ಮೊದಲ ವಾರ ಹತ್ತೊಂಬತ್ತು ಸುತ್ತು. ದೀಪಾವಳಿಯ ಹೊತ್ತಿಗೆ ಎರಡು.

"ಆ ಎರಡೂ ಹೋಗ್ತವೆ, ನೋಡ್ತಿರು" ಎಂದು ಸುಬ್ಬಲಕ್ಷ್ಮಿಗೆ ಪುಸ್ತಕ ತಟ್ಟಿ ಹೇಳಿದ್ದರು ವನಮಾಲಾ.

ಅಂಥವರು ಒಂದು ಗುರುವಾರ ಸಂಜೆ ಲೋಕಲ್ ಟ್ರೇನಿನಿಂದ ಇಳಿದವರೇ ಸೀದಾ ಸುಬ್ಬಲಕ್ಷ್ಮಿಯ ಅಡುಗೆಮನೆಗೆ ಬಂದು ಕೂತರು. ಚೀಲದಿಂದ ಅಲ್ಯುಮಿನಿಯಂ ಡಬ್ಬಿಯೊಂದನ್ನು ತೆಗೆದು ನೆಲದ ಮೇಲಿಟ್ಟರು.

"ಅವಳ ಹೆಸರು ಹೇಳಲ್ಲ ಸುಬ್ಬೂ, ಅವಳ ಕಷ್ಟವೂ ಹೇಳಲ್ಲ. ನನ್ನ ತಪ್ಪು ಮಾತ್ರ ಹೇಳ್ತೀನಿ."

ವಿಜಾಪುರದ ಕಡೆಯ ಹೆಂಗಸು, ಕಟ್ಟಡದ ಕೆಲಸದವಳು. ಐದು ವಾರ ಬರೀ ನೆಲ ನೋಡಿಕೊಂಡಿದ್ದವಳು ಅವತ್ತು ಮೊದಲ ಸಲ ಮುಖ ನೋಡಿ ಮಾತಾಡಿದ್ದಳು. ಏಳುವಾಗ ಸೆರಗಿನ ಮರೆಯಿಂದ ಡಬ್ಬಿ ತೆಗೆದು, "ರೊಟ್ಟಿ ತಂದೀನ್ರಿ ಬಾಯಾರ, ಬಿಸೀವು ಅದಾವ" ಅಂದಳು. ಬಂದವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ತರಬೇತಿಯ ನಿಯಮ. ವನಮಾಲಾ ಕೈ ಮುಂದೆ ಮಾಡದೆ, "ಬೇಡಮ್ಮ, ನಾನು ತಗೊಳ್ಳೋ ಹಾಗಿಲ್ಲ" ಅಂದರು.

"ಅದಕ್ಕೆ ಅವಳು, 'ಹೌದಲ್ರಿ, ನಮ್ಮ ಕೈಯಾಂದು ನೀವು ಹ್ಯಾಂಗ ತಿಂತೀರಿ' ಅಂತ ಎದ್ದು ಹೋದಳು. ಡಬ್ಬಿ ಬೆಂಚಿನ ಮೇಲೇ ಬಿಟ್ಟಳು."

ಸುಬ್ಬಲಕ್ಷ್ಮಿ ಸೌಟು ಕೆಳಗಿಟ್ಟಳು. "ಜಾತಿ ನೋಡಿದಿರಿ ಅಂದ್ಕೊಂಡಿದಾಳೆ ಅಕ್ಕಾ."

"ಗೊತ್ತಾಯ್ತು. ಬೈಕುಲ್ಲಾ ಸ್ಟೇಷನ್ ಮೆಟ್ಟಿಲ ಮೇಲೆ ಗೊತ್ತಾಯ್ತು. ಓಡಿ ವಾಪಸ್ ಹೋದೆ, ಅವಳಿರಲಿಲ್ಲ."

ಹೇಳುತ್ತಲೇ ಡಬ್ಬಿ ಬಿಚ್ಚಿದರು. ತಣ್ಣಗಾದ ಮೂರು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದನ್ನು ಪುಟ್ಟಿಗೂ ಸುಬ್ಬಲಕ್ಷ್ಮಿಗೂ ಮುರಿದುಕೊಟ್ಟು ಉಳಿದೆರಡನ್ನೂ ತಾವೇ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ಸುಬ್ಬಲಕ್ಷ್ಮಿ ಒಂದು ಲೋಟ ಮಜ್ಜಿಗೆ ಕೊಟ್ಟಳು.

ಮುಂದಿನ ಗುರುವಾರ ಆ ಹೆಂಗಸು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಮಾರ್ಚಿನೊಳಗೆ ಒಬ್ಬರ ಜೊತೆ ಹತ್ತು ಸಲ ಕೂತಿರಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ. ವನಮಾಲಾಗೆ ಆ ವರ್ಷದ ಚಿಂತೆ ಅಷ್ಟಾಗಿ ಇರಲಿಲ್ಲ. ಇವಳ ಮಾತೂ "ಮನೇಲಿ" ಎಂಬಲ್ಲಿಗೇ ನಿಂತುಹೋದರೆ? ನಡೆದದ್ದನ್ನೆಲ್ಲ ಬರೆದು ಗೈಡ್ ಮುಂದಿಟ್ಟರು. ಗೈಡ್ ಕೆಂಪು ಪೆನ್ನು ಮುಟ್ಟಲಿಲ್ಲ. "ನಿಯಮ ಏನು ಅಂತ ಅವಳಿಗೆ ಬಿಡಿಸಿ ಹೇಳು. ಈ ಡಬ್ಬಿ ಹೇಗೆ ವಾಪಸ್ ಕೊಡಬೇಕು ಅನ್ನೋದು ನನಗಿಂತ ನಿನಗೇ ಗೊತ್ತು" ಅಂದರು. ದವಾಖಾನೆಯ ಆಯಾ ಗುರುಬಾಯಿ ಆ ಹೆಂಗಸಿನ ಓಣಿಯವಳೇ. ಅವಳ ಕೈಲಿ ಹೇಳಿಕಳಿಸಿದರು: ರೊಟ್ಟಿ ತಿಂದೆ, ಡಬ್ಬಿ ನನ್ನ ಹತ್ತಿರ ಇದೆ.

ಬುಧವಾರ ಮಧ್ಯಾಹ್ನ ವನಮಾಲಾ ತೊಳೆದ ಡಬ್ಬಿ ಹಿಡಿದುಕೊಂಡು ಬಂದರು.

"ನಾಳೆ ಬರ್ತಾಳಂತೆ. ಡಬ್ಬಿ ತಗೊಂಡು ಹೋಗಕ್ಕೆ ಮಾತ್ರ, ಕೂರಲ್ಲ ಅಂದಿದಾಳೆ. ಕೂರ್ತಾಳೆ ಬಿಡು. ಆದ್ರೆ ಖಾಲಿ ಡಬ್ಬಿ ಕೊಡೋಕಾಗತ್ತಾ?"

"ಖಂಡಿತ ಇಲ್ಲ. ಕೋಡುಬಳೆ ಮಾಡಿಕೊಡ್ತೀನಿ, ಇಲ್ಲಿಡಿ."

"ನೀನು ಮಾಡಿದ್ರೆ ನೀನು ಕೊಟ್ಟ ಹಾಗೆ. ಸೀತಾರಾಮ್ ಮಾಡಿದ್ರೆ ಅವರು ಕೊಟ್ಟ ಹಾಗೆ. ಇದು ನನ್ನ ಕೈಯಿಂದಾನೇ ಆಗ್ಬೇಕು."

"ಅಕ್ಕಾ, ನಿಮಗೆ ಕಾಫಿ ಸೋಸಕ್ಕೇ ಬರಲ್ಲ!"

"ಬರಲ್ಲ. ಅದಕ್ಕೇ ಬಂದಿರೋದು." ವನಮಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತರು. "ಒಂದು ಉಪಕಾರ ಮಾಡು. ಹಿಟ್ಟಿನ ಅಳತೆ ಈಗ್ಲೇ ಹೇಳಿಬಿಡು. ಆಮೇಲೆ ಮುರಿದ್ರೂ ಸರಿ, ಸೀದ್ರೂ ಸರಿ, ಕೈ ಹಾಕಬೇಡ, ಹೀಗಲ್ಲ ಹಾಗೆ ಅನ್ನಬೇಡ. ಮುಗಿಯೋವರೆಗೂ ಸುಮ್ಮನೆ ನನ್ನ ಪಕ್ಕ ಕೂತಿರು."